ವಾಹನದ ಅಳತೆ, ರಸ್ತೆಯ ಅಗಲ

ಹೆದ್ದಾರಿ ವಿನ್ಯಾಸಕ್ಕೆ ಆಧಾರ, ಅದರ ಮೇಲೆ ಓಡುವ ವಾಹನದ ಅಳತೆ. ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ, ಸ್ಥಾಪನೆ 1934) ತನ್ನ ಐಆರ್‌ಸಿ 3–1983 ಸಂಹಿತೆಯಲ್ಲಿ ವಿನ್ಯಾಸ ವಾಹನದ ಗರಿಷ್ಠ ಅಗಲವನ್ನು 2.5 ಮೀ. ಎಂದು ಹಿಡಿದಿದೆ. ಅದಕ್ಕೆ ಅಕ್ಕಪಕ್ಕ ಬಿಡುವ ತೆರವನ್ನು ಸೇರಿಸಿದಾಗ ಏಕಪಥಕ್ಕೆ 3.75 ಮೀ., ದ್ವಿಪಥಕ್ಕೆ 7 ಮೀ. ಬೇಕಾಗುತ್ತದೆ.

ಕುಂದಗೋಳ ತಾಲ್ಲೂಕಿನ ಒಳರಸ್ತೆಗಳಲ್ಲಿ ಇದರ ಅರ್ಥ ಕಣ್ಣಿಗೇ ಕಾಣುತ್ತದೆ. ಹತ್ತಿ ಹೇರಿದ ಟ್ರ್ಯಾಕ್ಟರಿಗೆ ಎದುರು ಬಸ್ ಬಂದರೆ ಏಕಪಥದ ಡಾಂಬರಿನಲ್ಲಿ ಎರಡೂ ಹಿಡಿಸುವುದಿಲ್ಲ. ಒಂದು ಬದಿಯ ಗಾಲಿ ಎರೆಮಣ್ಣಿಗೆ ಇಳಿಯಲೇಬೇಕು. ಮಳೆ ಬಿದ್ದಾಗ ಆ ಗಾಲಿ ಹೂತುಕೊಳ್ಳುತ್ತದೆ. ರಸ್ತೆಯಂಚಿಗೆ ಗರಸು ಹಾಕಿ ಗಟ್ಟಿ ಮಾಡುವುದು ಇದಕ್ಕಾಗಿಯೇ. ಎರೆ ಸೀಮೆಯಲ್ಲಿ ಈ ಕೆಲಸ ಡಾಂಬರಿನಷ್ಟೇ ಮುಖ್ಯ.

ತಿರುವಿನಲ್ಲಿ ವಾಹನದ ಉದ್ದ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಗಾಲಿ ಮುಂದಿನದರ ಜಾಡು ಬಿಟ್ಟು ಒಳಕ್ಕೆ ಸರಿಯುವುದರಿಂದ ಹೆಚ್ಚುವರಿ ಅಗಲ ಬೇಕು:

ಪಥಗಳ ಸಂಖ್ಯೆ × (ಗಾಲಿಯಂತರ)² ÷ (2 × ತ್ರಿಜ್ಯ) + ವೇಗ ÷ (9.5 × √ತ್ರಿಜ್ಯ)

ಗಾಲಿಯಂತರ 6.1 ಮೀ., ತ್ರಿಜ್ಯ 100 ಮೀ., ವೇಗ ಗಂಟೆಗೆ 50 ಕಿ.ಮೀ. ಇದ್ದರೆ ದ್ವಿಪಥಕ್ಕೆ 0.37 + 0.53 = 0.9 ಮೀ. ಎರಡನೆಯ ಭಾಗ ಚಾಲಕನ ಮನಸ್ಸಿನ ಅಳುಕಿಗೆ ಬಿಡುವ ಜಾಗ.

ಎತ್ತರ ನಿರ್ಧರಿಸುವುದು ಸೇತುವೆ ಕೆಳಗಿನ ತೆರವನ್ನು. ಹೆದ್ದಾರಿಯ ವಾಹನ ಕೆಳಸೇತುವೆಗೆ ಸಾಮಾನ್ಯವಾಗಿ 5.5 ಮೀ.