ಅವ್ವನ ಚೀಲದ ತುಂಬ ಚೀಟಿ

ಪ್ರಶ್ನೆ: ನಮ್ಮದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಅವ್ವನಿಗೆ 62 ವರ್ಷ, ಬಿಪಿ, ಶುಗರ್ ಎರಡೂ ಇವೆ. ಶುಗರಿಗೆ ಭಾಲ್ಕಿ, ಮೊಣಕಾಲಿಗೆ ಉದಗೀರ, ಎದೆ ಧಡಧಡ ಅಂದಾಗ ಬೀದರ್, ಜ್ವರ ಬಂದರೆ ಊರೊಳಗೇ ತೋರಿಸುತ್ತೇವೆ. ಎಲ್ಲಕ್ಕೂ ಮೊದಲು ಒಬ್ಬರೇ ಡಾಕ್ಟರ್ ನೋಡಬೇಕು ಅಂತ ತಮ್ಮ ಹೇಳುತ್ತಾನೆ. ‘ದೊಡ್ಡ ಡಾಕ್ಟರ್‌ಗ ಬಿಟ್ಟು ಊರ ದವಾಖಾನಿಗಿ ಯಾಕ ಹೋಗ್ಲಿ’ ಅನ್ನುತ್ತಾಳೆ ಅವ್ವ. ಯಾರನ್ನು ಹಿಡಿಯಬೇಕು?

ಉತ್ತರ: ಮೊದಲು ಚೀಟಿ, ಗುಳಿಗೆ ಇಟ್ಟ ಚೀಲವನ್ನು ಚಾಪೆಯ ಮೇಲೆ ಸುರುವಿ. ಗುಳಿಗೆ ಪಟ್ಟಿಗಳ ಮೇಲೆ ಕಂಪನಿಯ ಹೆಸರಿನ ಹತ್ತಿರ ಔಷಧದ ನಿಜ ಹೆಸರಿರುತ್ತದೆ, ಅದನ್ನು ಓದಿ. ಗ್ಲಿಮೆಪಿರೈಡ್ ಎಂಬ ಶುಗರ್ ಗುಳಿಗೆ ಎರಡು ಕಡೆಯಿಂದ ಎರಡು ಹೆಸರಲ್ಲಿ ಬಂದಿದ್ದರೆ ಅವ್ವ ಎರಡನ್ನೂ ತಪ್ಪದೆ ನುಂಗುತ್ತಿರುತ್ತಾರೆ. ಶಿವರಾತ್ರಿ ಉಪವಾಸದ ದಿನ ಮೈ ಬೆವರಿ, ಕೈ ನಡುಗಿ ಬಿದ್ದರೆ ಮನೆಯವರು ‘ನಿತ್ರಾಣ’ ಅಂದುಕೊಳ್ಳುತ್ತಾರೆ. ಆಗಿರುವುದು ಶುಗರ್ ಕುಸಿತ. ಮೊಣಕಾಲಿಗೆ ಕೊಟ್ಟದ್ದು ಡೈಕ್ಲೊಫೆನಾಕ್ ಆಗಿದ್ದರೆ ಅದು ಬಿಪಿ ಏರಿಸುತ್ತದೆ, ದಿನಾ ತಿಂದರೆ ಕಿಡ್ನಿಗೂ ಪೆಟ್ಟು. ದನಗಳಿಗೆ ಕೊಟ್ಟ ಇದೇ ಔಷಧ ಹೆಣದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ದನಗಳ ಮಟ್ಟಿಗೆ 2006ರಲ್ಲೇ ನಿಷೇಧವಾಯಿತು. ನಾವು ಮಾತ್ರ ಮೆಡಿಕಲ್ ಅಂಗಡಿಯಲ್ಲಿ ಬೆರಳು ತೋರಿಸಿ ಕೊಂಡು ನುಂಗುತ್ತಿದ್ದೇವೆ!

ನಾಲ್ವರು ಡಾಕ್ಟರರಲ್ಲಿ ಯಾರದ್ದೂ ತಪ್ಪಿಲ್ಲದಿರಬಹುದು. ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ, ಅಷ್ಟೇ. ಆದ್ದರಿಂದ ತಮ್ಮ ಹೇಳಿದ್ದು ಸರಿ. ಹಾಗಂತ ಯಾವ ಗುಳಿಗೆಯನ್ನೂ ನೀವೇ ಬಿಡಿಸಬೇಡಿ, ಚೀಲ ಸಮೇತ ಡಾಕ್ಟರ ಬಳಿ ಹೋಗಿ.

ಯಾವ ಡಾಕ್ಟರು? ಅವ್ವ ಒಬ್ಬರೇ ಹೋಗಿ ಬರುವಷ್ಟು ಹತ್ತಿರದಲ್ಲಿರುವವರು. ಎಂಬಿಬಿಎಸ್ ಸಾಕು, ಬೋರ್ಡಿನ ಮೇಲಿನ ಉದ್ದನೆಯ ಪದವಿಗಳಿಗೆ ಮರುಳಾಗಬೇಡಿ. ಮೊದಲ ಸಲ ಹೋದಾಗ ಸುಮ್ಮನೆ ಗಮನಿಸಿ. ‘ಈಗ ಏನೇನು ಗುಳಿಗೆ ತಗೋತೀರಿ’ ಎಂದು ಕೇಳಿದರೇ? ಅವ್ವ ‘ಸೂಜಿ ಮಾಡ್ರಿ’ ಎಂದು ಹಟ ಹಿಡಿದಾಗ ‘ಬ್ಯಾಡವ್ವಾ’ ಎಂದರೇ? ಸೂಜಿ ಬೇಡ ಎನ್ನುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. ನಮ್ಮ ಕಡೆ ಕನ್ನಡ, ಮರಾಠಿ, ದಖನಿ, ತೆಲುಗು ಒಂದೇ ಪಾಳಿಯಲ್ಲಿ ಕೂತಿರುತ್ತವೆ. ಅವ್ವನ ‘ಧಡಧಡ’ ಬೇರೆ, ‘ದಮ್ಮು’ ಬೇರೆ ಎಂಬುದು ತಿಳಿಯುವಷ್ಟಾದರೂ ಅವರ ಮಾತು ಆ ಡಾಕ್ಟರಿಗೆ ಬರಬೇಕು. ತಮ್ಮ ಕೈಮೀರಿದ್ದನ್ನು ಕಾರಣ ಬರೆದು ಮುಂದೆ ಕಳಿಸುವ ಡಾಕ್ಟರನ್ನು ‘ಇವರಿಗೆ ಗೊತ್ತಾಗಲಿಲ್ಲ’ ಎಂದು ಹಗುರ ಮಾಡಬೇಡಿ. ಭಾಲ್ಕಿ, ಬೀದರಿನ ತಜ್ಞರಿಗೆ ಬೇಕಾದಾಗ ತೋರಿಸಿ, ಅವರ ಚೀಟಿ ಮಾತ್ರ ತಿರುಗಿ ಊರಿನ ಡಾಕ್ಟರ ಮೇಜಿಗೆ ಬರಲಿ.

ಆ ಹತ್ತಿರದ ಡಾಕ್ಟರು ಸರ್ಕಾರಿ ಆಸ್ಪತ್ರೆಯವರಾದರೆ ಇನ್ನೊಂದು ಅನುಕೂಲವಿದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಆದರೆ ತುರ್ತು ಅಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ನೇರ ಹೈದರಾಬಾದ್ ಬಸ್ ಹತ್ತಿದವರು ಇಲ್ಲೇ ಎಡವುತ್ತಾರೆ.

ಪ್ರಶ್ನೆ: ಸರ್ಕಾರಿ ಡಾಕ್ಟರ್ ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಅವರು ಮನೆ ಡಾಕ್ಟರ್ ಹೇಗಾದಾರು? (ಔರಾದ್‌ನಿಂದ ಒಬ್ಬರು ಶಿಕ್ಷಕಿ)

ಉತ್ತರ: ನಿಜ, ಟೀಚರಮ್ಮ. ವರ್ಗಾವಣೆ ನಿಮಗೇನು ಹೊಸದಲ್ಲ! ಆದರೆ ನೀವು ವರ್ಗವಾದರೂ ಹಾಜರಿ ಪುಸ್ತಕ ಶಾಲೆಯಲ್ಲೇ ಇರುತ್ತದಲ್ಲ? ಹಾಗೆಯೇ ಇದು. ನೂರು ಪುಟದ ಒಂದು ನೋಟ್‌ಬುಕ್ ಇಡಿ. ತಾರೀಖು, ಬಿಪಿ, ಶುಗರ್, ಗುಳಿಗೆಯ ನಿಜ ಹೆಸರು, ಯಾವ ಔಷಧ ಮೈಗೆ ಒಗ್ಗಲಿಲ್ಲ ಎಂಬುದು, ಇಷ್ಟು ಸಾಕು. ಹೊಸ ಡಾಕ್ಟರಿಗೆ ಮೊದಲ ದಿನವೇ ಅದನ್ನು ತೋರಿಸಿ. ಓಣಿಯ ಆಶಾ ಕಾರ್ಯಕರ್ತೆಯೊಂದಿಗೂ ಬಳಕೆ ಇರಲಿ, ಅವರು ಊರಿನವರೇ.

ಪ್ರಶ್ನೆ: ನಮ್ಮೂರಲ್ಲಿ ಒಬ್ಬರ ಸೂಜಿಗೆ ಅರ್ಧ ತಾಸಿನಲ್ಲಿ ಮೈನೋವು ಮಾಯ. ಡಿಗ್ರಿ ಇಲ್ಲ ಅಂತಾರೆ. ಹೋಗಬಹುದಾ?

ಉತ್ತರ: ಬೇಡ. ಅಷ್ಟು ಬೇಗ ಆರಾಮಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೆಂದು ನನಗೆ ಅನುಮಾನ. ಅದು ನೋವನ್ನು ಮುಚ್ಚಿಡುತ್ತದೆ, ಶುಗರ್ ಏರಿಸುತ್ತದೆ, ಪದೇ ಪದೇ ಮಾಡಿಸಿದರೆ ಎಲುಬು ಸವೆಯುತ್ತದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ಕಿಗೂ ನೋಂದಣಿ ಬೇಕು, ಆ ಪ್ರಮಾಣಪತ್ರ ಕಣ್ಣಿಗೆ ಬೀಳುವಂತೆ ತೂಗುಹಾಕಿರಬೇಕು. ಗೋಡೆ ನೋಡಿ. ದೇವರ ಕ್ಯಾಲೆಂಡರ್ ಒಂದೇ ಇದ್ದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ.