ಬಟವಾಡೆಯ ದಿನ

ನಮ್ಮ ತುಮಕೂರು ಸೀಮೆಯಲ್ಲಿ ಹುಣಸೆಹಣ್ಣು ಮಾರಾಟವಾಗುವುದು ಹಣ್ಣಾದ ಮೇಲಲ್ಲ. ಮರ ಹೂ ಬಿಟ್ಟು ಇನ್ನೇನು ಕಾಯಿ ಕಚ್ಚಬೇಕು ಅನ್ನುವಾಗಲೇ ಬೈಕಿನಲ್ಲಿ ಒಬ್ಬರು ಬರುತ್ತಾರೆ. ಮರದ ಬುಡಕ್ಕೆ ಒಂದು ಸುತ್ತು ಹಾಕಿ, ಕತ್ತೆತ್ತಿ ನೋಡಿ, ಇಡೀ ಮರಕ್ಕೆ ಇಷ್ಟು ಎಂದು ಅಂದಾಜು ಹೇಳಿ, ಅರ್ಧ ದುಡ್ಡು ಕೈಗಿಟ್ಟು ಹೋಗುತ್ತಾರೆ. ಅಲ್ಲಿಂದ ಮುಂದೆ ಆ ಮರದ ನೆರಳಷ್ಟೇ ರೈತನದು. ಸಂಕ್ರಾಂತಿ ಕಳೆದ ಮೇಲೆ ಅವರದೇ ಆಳುಗಳು ಬಂದು ಬಡಿದು, ಆಯ್ದು, ಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಅಂದಾಜಿಗಿಂತ ಹೆಚ್ಚು ಬಿದ್ದರೆ ಲಾಭ ಅವರದು, ಕಡಿಮೆ ಬಿದ್ದರೆ ನಷ್ಟವೂ ಅವರದೇ. ಈ ಎರಡನೆಯ ಮಾತನ್ನು ನ್ಯಾಯದ ಬೆಲೆ ಎಂದು ಊರೂರು ತಿರುಗುವ ನಮ್ಮಂಥವರು ಸಾಮಾನ್ಯವಾಗಿ ಹೇಳುವುದಿಲ್ಲ.

ಮಧುಗಿರಿ ಕಡೆಯ ಎರಡು ಹಳ್ಳಿಗಳ ಹುಣಸೆ, ರಾಗಿ, ಹುಚ್ಚೆಳ್ಳನ್ನು ತುಮಕೂರು ಮತ್ತು ಬೆಂಗಳೂರಿನ ಮನೆಗಳಿಗೆ ನೇರವಾಗಿ ತಲುಪಿಸುವ ಕೆಲಸಕ್ಕೆ ನಾವು ಒಂದಷ್ಟು ಜನ ಸೇರಿ ಕೈಹಾಕಿದೆವು. ನಮ್ಮದು ದೊಡ್ಡ ಸಂಸ್ಥೆಯಲ್ಲ. ಹಳ್ಳಿಯ ಕಡೆ ಎರಡು ಸ್ತ್ರೀಶಕ್ತಿ ಸಂಘ, ಪೇಟೆಯ ಕಡೆ ಪರಿಚಯದವರು, ಅವರ ಪರಿಚಯದವರು. ನಮ್ಮ ಲೆಕ್ಕ ಸರಳವಾಗಿತ್ತು. ಮಂಡಿಯಲ್ಲಿ ಸಿಗುವುದಕ್ಕಿಂತ ಕೆಜಿಗೆ ಒಂದಿಷ್ಟು ಹೆಚ್ಚು ಕೊಟ್ಟರೆ ರೈತರು ನಮಗೆ ಕೊಡುತ್ತಾರೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು, ಟೀ ಕುಡಿದರು, ಪುಸ್ತಕಕ್ಕೆ ರುಜು ಹಾಕಿದರು. ಆಮೇಲೆ ಮುಕ್ಕಾಲುಪಾಲು ಮರಗಳು ಹಳೆಯ ಸಾಹುಕಾರರ ಪಾಲಾದವು.

ಯಾಕೆ ಎಂದು ಕೇಳುತ್ತಾ ಮನೆಮನೆ ಸುತ್ತಿದಾಗ ಗಂಡಸರು ಏನೇನೋ ಹೇಳಿದರು. ಹಳೇ ಸಂಬಂಧ, ಮುಖ ಮುರಿಯೋಕಾಗಲ್ಲ, ಮುಂದಿನ ಸಲ ನೋಡಣ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಒಬ್ಬ ಅಜ್ಜಿ ಮಾತ್ರ ಸುತ್ತಿ ಬಳಸದೆ ಹೇಳಿದರು: "ನಿಮ್ ರೇಟು ಚೆನ್ನಾಗೈತೆ ಕಣಮ್ಮ, ಇಲ್ಲ ಅನ್ನಲ್ಲ. ಆದ್ರೆ ನಮ್ ಹುಡುಗಿ ಫೀಜು ಕಟ್ಟಬೇಕಾಗಿರೋದು ಜೂನ್‌ನಾಗೆ. ಬಿತ್ತನೆ ಕಡ್ಲೆಕಾಯಿ ತರಬೇಕಾಗಿರೋದೂ ಆವಾಗ್ಲೇ. ನಿಮ್ ದುಡ್ಡು ಬರೋದು ಶಿವರಾತ್ರಿ ಆದ್ಮೇಲೆ."

ಈ ಕೆಲಸದಲ್ಲಿ ನಾನು ಕಲಿತದ್ದರ ಮುಕ್ಕಾಲು ಪಾಲು ಆ ನಾಲ್ಕು ಮಾತಿನೊಳಗೇ ಇದೆ. ಹೆಚ್ಚು ಬೆಲೆ ಮುಖ್ಯವೇ. ಆದರೆ ಆ ಬೆಲೆ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ ಅನ್ನುವುದರ ಮೇಲೆ ರೈತ ಯಾರ ಕಡೆ ನಿಲ್ಲುತ್ತಾನೆ ಅನ್ನುವುದು ತೀರ್ಮಾನವಾಗುತ್ತದೆ. ಊರಿನಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಜೂನ್‌ನಲ್ಲಿ ಪಡೆದ ಸಾಲ ಮಾರ್ಚ್‌ಗೆ ತೀರಿದರೆ ಬಡ್ಡಿಯೇ ನೂರಕ್ಕೆ ಇಪ್ಪತ್ತೇಳಾಗುತ್ತದೆ. ನಾವು ಹೆಮ್ಮೆಯಿಂದ ಕೊಡುತ್ತಿದ್ದ ಹೆಚ್ಚುವರಿ ಬೆಲೆಯನ್ನು ಆ ಬಡ್ಡಿ ನುಂಗಿ ನೀರು ಕುಡಿಯುತ್ತಿತ್ತು. ಮರದ ಕೆಳಗೆ ನಿಂತು ನೋಟು ಎಣಿಸುವ ಸಾಹುಕಾರ ಹಣ್ಣಿನ ವ್ಯಾಪಾರಿ ಎಷ್ಟೋ, ಬ್ಯಾಂಕೂ ಅಷ್ಟೇ. ಕಾಗದ ಕೇಳದ, ರಾತ್ರಿ ಹತ್ತಕ್ಕೂ ಬಾಗಿಲು ತೆರೆಯುವ ಬ್ಯಾಂಕು. ಅದಕ್ಕೆ ಎದುರಾಗಿ ಬರೀ ಹಣ್ಣಿನ ಅಂಗಡಿ ಇಟ್ಟು ಗೆಲ್ಲುವುದು ಆಗದ ಮಾತು.

ಇದು ಹೊಸ ವಿಚಾರವೇನೂ ಅಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದ ಸಹಕಾರ ಸಂಘ ಪತ್ತಿನ ಸಂಘವೇ ಆಗಿತ್ತು. ಮಾರಾಟದ ಮಳಿಗೆ ತೆರೆಯುವ ಮೊದಲು ಸಾಲದ ಕೊರಳಪಟ್ಟಿ ಬಿಚ್ಚಬೇಕು ಅನ್ನುವುದು ಆ ಹಿರಿಯರಿಗೆ ಗೊತ್ತಿತ್ತು. ಹೊರದೇಶದಲ್ಲೂ ಹಾಗೆಯೇ. 1988ರಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿ 'ಮ್ಯಾಕ್ಸ್ ಹಾವೆಲಾರ್' ಎಂಬ ಮುದ್ರೆ ಹೊತ್ತು ನೆದರ್ಲೆಂಡ್ಸ್‌ನ ಅಂಗಡಿಗಳಿಗೆ ಬಂತು. ಮುಂದೆ ಫೇರ್‌ಟ್ರೇಡ್ ಎಂದು ಲೋಕಕ್ಕೆಲ್ಲ ಪರಿಚಯವಾದ ಈ ಪದ್ಧತಿಯಲ್ಲಿ ಕನಿಷ್ಠ ಬೆಲೆಯ ವಿಷಯವನ್ನೇ ಎಲ್ಲರೂ ಮಾತಾಡುತ್ತಾರೆ. ಬೆಳೆಗಾರರ ಸಂಘ ಕೇಳಿದರೆ ಕರಾರಿನ ಮೊತ್ತದ ಶೇ 60ರವರೆಗೂ ಕೊಳ್ಳುವವರು ಮುಂಗಡವಾಗಿ ಒದಗಿಸಬೇಕು ಎಂಬ ನಿಯಮವೂ ಅದರಲ್ಲಿದೆ. ನನ್ನ ಕಣ್ಣಿಗೆ ಬೆಲೆಯ ನಿಯಮಕ್ಕಿಂತ ದೊಡ್ಡದು ಅದು. ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಹಳ್ಳಿಯ ಹಾಲಿನ ಡೇರಿಯನ್ನೇ ನೋಡಿ. ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡುವ ಹೋಟೆಲಿನವರು ಪಕ್ಕದಲ್ಲೇ ಇದ್ದರೂ ಹೆಂಗಸರು ಡೇರಿಗೇ ಹಾಲು ಹಾಕುತ್ತಾರೆ. ಬಟವಾಡೆಯ ದಿನ ತಪ್ಪುವುದಿಲ್ಲ ಅನ್ನುವ ಒಂದೇ ಧೈರ್ಯ. ಆ ದಿನವನ್ನು ನಂಬಿಯೇ ಅಂಗಡಿಯವನು ಸಾಮಾನು ಸಾಲ ಕೊಡುತ್ತಾನೆ, ಚೀಟಿಯ ಕಂತು ನಿಗದಿಯಾಗುತ್ತದೆ.

ಹಾಗಾಗಿ ಪೇಟೆಯ ಮನೆಗಳ ಮುಂದೆ ಹೊಸ ಮಾತು ಇಟ್ಟೆವು. ವರ್ಷಕ್ಕೆ ಎಷ್ಟು ಹುಣಸೆ ಬೇಕೋ ಬರೆಸಿ, ಅರ್ಧ ದುಡ್ಡು ಜೂನ್‌ನಲ್ಲೇ ಕೊಡಿ. ಹಣ್ಣು ಬರುವುದು ಯುಗಾದಿಗೆ. ಮರ ಕೈಕೊಟ್ಟರೆ ನಿಮಗೂ ಕಡಿಮೆ. ಜಪಾನಿನಲ್ಲಿ 1970ರ ದಶಕದಿಂದ ನಡೆದು ಬಂದಿರುವ 'ತೇಕೇ' ಪದ್ಧತಿಯಲ್ಲಿ ಕೊಳ್ಳುವ ಮನೆಗಳು ಬೆಳೆಗಾರನ ಕಷ್ಟನಷ್ಟದಲ್ಲೂ ಪಾಲುದಾರರು ಎಂದು ವಿವರಿಸಿದೆವು. ಜಪಾನ್ ಎಂದಾಗ ಜನ ಸ್ವಲ್ಪ ಗಮನ ಕೊಟ್ಟು ಕೇಳುತ್ತಾರೆ, ಕಣಗಿನಹಾಳ ಎಂದರೆ ಫೋನ್ ನೋಡುತ್ತಾರೆ. ಇರಲಿ.

ಪಟ್ಟಿಯಲ್ಲಿದ್ದ ಮನೆಗಳು ಅರ್ಧಕ್ಕರ್ಧ ಉದುರಿದವು. ಯಾರು ಉಳಿಯುತ್ತಾರೆ ಎಂಬುದನ್ನು ಮೊದಲೇ ಊಹಿಸಲು ಆಗುವುದಿಲ್ಲ. ರೈತನೇ ದೇವರು ಎಂದು ಭಾಷಣ ಮಾಡಿದವರು, ಸಾವಯವ ಸರ್ಟಿಫಿಕೇಟ್ ಇದೆಯೇ ಎಂದು ಮೂರು ಸಲ ಕೇಳಿದವರು ಬೇಗ ಜಾರಿಕೊಂಡರು. ದಿನಾ ಸಾರು, ಗೊಜ್ಜು, ಪುಳಿಯೋಗರೆ ಮಾಡುವ ಮನೆಗಳು, ಒಂದು ಸಣ್ಣ ಕ್ಯಾಂಟೀನು, ಉಪ್ಪಿನಕಾಯಿ ಮಾಡಿ ಮಾರುವ ಇಬ್ಬರು ಅಕ್ಕತಂಗಿಯರು ನಿಂತರು. ಅವರಿಗೆ ಹುಣಸೆ ಬೇಕೇ ಬೇಕು. ಅಭಿಮಾನಕ್ಕಿಂತ ಅಗತ್ಯದ ಗಂಟು ಗಟ್ಟಿ.

ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ: ನೇರ ರೈತರಿಂದ ಅಂದಮೇಲೆ ಅಂಗಡಿಗಿಂತ ಅಗ್ಗವಾಗಬೇಕಲ್ಲವೇ? ದಲ್ಲಾಳಿಯನ್ನು ತೆಗೆದುಹಾಕಿದರೆ ಅವನ ಕಮಿಷನ್ ಉಳಿಯುತ್ತದೆ, ಅವನ ಕೆಲಸ ಉಳಿದೇ ಇರುತ್ತದೆ. ಮರ ಹತ್ತಿಸಬೇಕು, ಒಣಗಿಸಬೇಕು, ಬೀಜ ಬಿಡಿಸಬೇಕು, ಚೀಲ, ಲಾರಿ ಬಾಡಿಗೆ, ಕಾಪಿಡುವ ಖರ್ಚು. ಹುಣಸೆ ಶೆಖೆಗೆ, ಪಸೆಗೆ ಕಪ್ಪಾಗುತ್ತಾ ಹೋಗುತ್ತದೆ. ಅದಕ್ಕೇ ದೊಡ್ಡ ವ್ಯಾಪಾರಿಗಳು ಸುಗ್ಗಿಯಲ್ಲಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಬೆಲೆ ಏರಿದಾಗ ಕೆಂಪು ಬಣ್ಣ ಹಾಗೇ ಇರುವ ಹಣ್ಣನ್ನು ಹೊರಗೆ ತೆಗೆಯುತ್ತಾರೆ. ಅದಕ್ಕೆ ಬಂಡವಾಳ ಬೇಕು, ನಮ್ಮಲ್ಲಿಲ್ಲ. 2019ರಲ್ಲಿ ಒಣ ಹುಣಸೆಯ ಮೇಲಿದ್ದ ಶೇ 5ರ ಜಿಎಸ್‌ಟಿ ಹೋದದ್ದು ಒಂದು ಉಪಕಾರ, ಅಷ್ಟೇ. ನಮ್ಮ ಹಣ್ಣು ಅಂಗಡಿಗಿಂತ ಅಗ್ಗವಲ್ಲ ಎಂದು ಈಗ ಮೊದಲ ಮಾತಿನಲ್ಲೇ ಹೇಳಿಬಿಡುತ್ತೇವೆ.

ತಕ್ಕಡಿಯ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಮುದ್ರೆ ಬಿದ್ದ ತಕ್ಕಡಿ ತಂದು, ಯಾರ ಮನೆಯಲ್ಲೂ ಇಡದೆ ಎಲ್ಲರೂ ಓಡಾಡುವ ಜಾಗದಲ್ಲಿಟ್ಟು, ತೂಗಿದ್ದನ್ನು ಗಟ್ಟಿಯಾಗಿ ಕೂಗಿ ಹೇಳಿ ಚೀಟಿ ಬರೆದುಕೊಟ್ಟರೆ ಅರ್ಧ ಜಗಳ ಕಡಿಮೆ. ಮಂಡಿಗಳನ್ನು ಹತೋಟಿಯಲ್ಲಿಡಲು ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಬಂದದ್ದು 1966ರಲ್ಲಿ. ರೈತನಿಂದ ಕಮಿಷನ್ ಮುರಿದುಕೊಳ್ಳುವಂತಿಲ್ಲ ಎಂದು ಕಾನೂನಿದೆ. ಆದರೂ ಬಿಳಿ ಚೀಟಿಯಲ್ಲಿ ಬರೆದು ಹತ್ತು ಪರ್ಸೆಂಟ್ ಮುರಿಯುವ ಮಂಡಿಗಳಲ್ಲಿ ಮಾರಿ ಬಂದವರು ನಮ್ಮ ರೈತರು. ನಾವು ಹೆಸರು ಬರೆದುಕೊಟ್ಟ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಾರೆ.

ಬೆಲೆ, ಮುಂಗಡ, ತೂಕ ಮೂರೂ ಒಂದು ಹದಕ್ಕೆ ಬಂದ ಮೇಲೆ ಎದ್ದದ್ದು ಇವೆಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅದನ್ನು ಎತ್ತಿದವರು ರೈತರಲ್ಲ, ಹುಣಸೆ ಕುಟ್ಟುವ ಹೆಂಗಸರು.

ಹುಣಸೆ ಕುಟ್ಟುವುದನ್ನು ನೋಡದವರಿಗೆ ಹೇಳಬೇಕು. ಬಿಸಿಲಿಗೆ ಒಣಗಿದ ಕಾಯಿಯ ಓಡು ಒಡೆದು, ಬೆನ್ನಿಗಂಟಿದ ನಾರು ಎಳೆದು, ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಒಂದೊಂದೇ ಬೀಜ ಹಾರಿಸಬೇಕು. ಜೋರಾಗಿ ಬಿದ್ದರೆ ಬೀಜ ಒಡೆದು ಹಣ್ಣಿನೊಳಗೆ ಚೂರು ಉಳಿಯುತ್ತದೆ, ಮೆಲ್ಲಗೆ ಬಿದ್ದರೆ ಬೀಜ ಬಿಡುವುದಿಲ್ಲ. ಹುಳಿ ಉಗುರಿನ ಸಂದಿಗಿಳಿದು ಬೆರಳ ತುದಿ ಬಿರಿಯುತ್ತದೆ. ರಾತ್ರಿ ಹರಳೆಣ್ಣೆ ಸವರಿಕೊಂಡು ಮಲಗುತ್ತಾರೆ, ಬೆಳಿಗ್ಗೆ ಮತ್ತೆ ಅದೇ. ಕೂಲಿ ಕೆಜಿ ಲೆಕ್ಕ. ಮರದಿಂದಿಳಿದ ಕಾಯಿಯ ತೂಕದಲ್ಲಿ ತಿರುಳು ಅರ್ಧ ಮುಟ್ಟುವುದೂ ಅಪರೂಪ. ಹಾಗಾಗಿ ಒಂದು ಕೆಜಿ ಹಣ್ಣು ಎಂದರೆ ಎರಡು ಕೆಜಿಗೂ ಮಿಕ್ಕಿದ ಕೆಲಸ. ಕುಟ್ಟುವವರಲ್ಲಿ ಬಹಳ ಜನಕ್ಕೆ ಮರವೂ ಇಲ್ಲ, ಹೊಲವೂ ಇಲ್ಲ. ಹೆಚ್ಚಿನವರು ಕಾಲೊನಿಯ ದಲಿತ ಮನೆಗಳವರು.

"ರೈತರಿಗೆ ರೇಟು ಜಾಸ್ತಿ ಮಾಡಿದ್ರಂತೆ, ಒಳ್ಳೇದಾಯ್ತು," ಎಂದರು ಅವರಲ್ಲೊಬ್ಬರು ಸಭೆಯಲ್ಲಿ, "ನಮ್ ಸುತ್ತಿಗೆಗೆ ಯಾವಾಗ ಮಾಡ್ತೀರಕ್ಕ?"

ಮರದ ಯಜಮಾನರು ಬಿಗಿದುಕೊಂಡರು. ಕೂಲಿ ಹೆಚ್ಚಿದರೆ ಊರಿಗೆಲ್ಲ ಅದೇ ರೇಟು ಆಗುತ್ತದೆ, ನಾಳೆ ರಾಗಿ ಕೊಯ್ಲಿಗೂ ಕೇಳುತ್ತಾರೆ ಎಂಬುದು ಅವರ ವಾದ. ಸುಳ್ಳಲ್ಲ, ಹಾಗೇ ಆಗುತ್ತದೆ. ಇಬ್ಬರು ಎದ್ದು ಹೋದರು. ನ್ಯಾಯದ ವ್ಯಾಪಾರ ಎಂದು ನಾವು ಹೇಳುವಾಗ ರೈತ ಒಂದು ಕಡೆ, ಪೇಟೆ ಇನ್ನೊಂದು ಕಡೆ ಎಂದು ಗೆರೆ ಎಳೆಯುತ್ತೇವೆ. ಹಳ್ಳಿಯ ನಡುವೆಯೇ ಇರುವ ಗೆರೆ ಕಾಣುವುದಿಲ್ಲ, ಕಂಡರೂ ಒಗ್ಗಟ್ಟು ಮುರಿದೀತೆಂದು ಮಾತು ತಿರುಗಿಸುತ್ತೇವೆ. ಕುಟ್ಟುವವರ ಕೂಲಿ ಹಾಗೇ ಉಳಿದರೆ ನಮ್ಮ ಸಂಘ ಇನ್ನೊಂದು ಮಂಡಿ, ಬೋರ್ಡು ಮಾತ್ರ ಬೇರೆ.

ಬಹಳ ಮಾತುಕತೆಯ ನಂತರ ನಿಂತದ್ದು ಹೀಗೆ. ಪೇಟೆಯ ಮನೆಗಳಿಗೆ ಹೋಗುವ ಚೀಟಿಯಲ್ಲಿ ಹಣ್ಣಿನ ಬೆಲೆ ಬೇರೆ, ಕುಟ್ಟುವ ಕೂಲಿ ಬೇರೆ ಸಾಲಿನಲ್ಲಿ ಬರೆಯುವುದು. ಆ ಸಾಲಿನ ದುಡ್ಡು ಯಜಮಾನರ ಕೈಗೆ ಹೋಗದೆ ಶನಿವಾರ ಶನಿವಾರ ಕುಟ್ಟಿದವರಿಗೇ ಬಟವಾಡೆ. ಬೀಜವೂ ಅವರದೇ. ಈ ಬೀಜದ ವಿಷಯ ಸಣ್ಣದಲ್ಲ. ಹುಣಸೆಬೀಜದ ಪುಡಿ ನೂಲಿಗೆ ಗಂಜಿ ಹಾಕಲು ಗಿರಣಿಗಳಿಗೆ ಹೋಗುತ್ತದೆ, ಕೊಳ್ಳುವವರು ಊರಿಗೇ ಬರುತ್ತಾರೆ. ಅದುವರೆಗೆ ಬೀಜ ಮೂಟೆಯ ಜೊತೆ ಲೆಕ್ಕವಿಲ್ಲದೆ ಹೋಗುತ್ತಿತ್ತು.

ಬೀಜ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಅವರು ಮಾಡಿದ ಕೆಲಸ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಕೆರೆ ಏರಿಯ ಮೇಲಿನ, ರಸ್ತೆ ಬದಿಯ ಹುಣಸೆಮರಗಳ ಫಸಲನ್ನು ಪಂಚಾಯಿತಿ ಹರಾಜು ಹಾಕುತ್ತದೆ. ಪ್ರತಿ ವರ್ಷ ಅವೇ ಇಬ್ಬರು ಮೂವರು ಮಾತಾಡಿಕೊಂಡು ಕೂಗುವುದು ರೂಢಿ. ಆ ಸಲ ಹೆಂಗಸರು ಠೇವಣಿ ಕಟ್ಟಿ ಬಂದು ಕೂತರು. "ಹೆಂಗಸ್ರು ಮರ ಹತ್ತುತೀರಾ?" ಎಂದು ಯಾರೋ ನಕ್ಕಾಗ, "ಹತ್ತೋರಿಗೆ ಕೂಲಿ ಕೊಟ್ರೆ ಹತ್ತುತಾರೆ. ಕುಟ್ಟೋರನ್ನ ನೀವೆಲ್ಲಿಂದ ತರ್ತೀರಾ?" ಎಂದು ಸುತ್ತಿಗೆಯ ಮಾತೆತ್ತಿದ್ದ ಅದೇ ಹೆಂಗಸು ಕೇಳಿದರು. ನಗು ನಿಂತಿತು. ಏರಿಯ ಮರಗಳು ಅವರಿಗೇ ಆದವು. ರಸ್ತೆ ಬದಿಯದು ಕೈತಪ್ಪಿತು, ಎದುರಾಳಿಗಳು ಹಠಕ್ಕೆ ಬಿದ್ದು ಏರಿಸಿದರು.

ಹುಣಸೆ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಮುನಿಸಿಕೊಳ್ಳುತ್ತದೆ. ಈ ಸಲ ಮುನಿಸಿನ ವರ್ಷ. ಮುಂಗಡ ಕೊಟ್ಟ ಮನೆಗಳಿಗೆ ಬರೆಸಿದ್ದರ ಅರ್ಧದಷ್ಟು ಹಣ್ಣು ಕಳಿಸಿ, ಉಳಿದದ್ದಕ್ಕೆ ರಾಗಿ, ಹುಚ್ಚೆಳ್ಳು ಆಗಬಹುದೇ ಎಂದು ಕೇಳಿದೆವು. ಬಹುಪಾಲು ಮನೆಗಳು ಒಪ್ಪಿದವು. ಹುಚ್ಚೆಳ್ಳನ್ನು ಏನು ಮಾಡುವುದು ಎಂದು ಕೇಳಿದ ಹುಡುಗಿಯೊಬ್ಬಳಿಗೆ ಚಟ್ನಿಪುಡಿ ಮಾಡುವ ಬಗೆಯನ್ನು ಫೋನಿನಲ್ಲಿ ಹೇಳಿಕೊಟ್ಟದ್ದೂ ಆಯಿತು. ಕೆಲವರು ದುಡ್ಡೇ ವಾಪಸ್ ಬೇಕೆಂದರು. ಅವರಿಗೆ ಕೊಡಲು ಸಂಘದ ಗಂಟಿನಲ್ಲಿ ಸಾಲದೆ, ಬೀಜದ ದುಡ್ಡಿನಿಂದ ಬಡ್ಡಿಯಿಲ್ಲದೆ ಕೈಗಡ ಕೊಟ್ಟವರು ಕುಟ್ಟುವ ಹೆಂಗಸರು. ತೀರಿಸುವ ದಿನವನ್ನು ಅವರೇ ಗೊತ್ತು ಮಾಡಿ, ಪುಸ್ತಕದಲ್ಲಿ ಬರೆಸಿ, ನಮ್ಮೆಲ್ಲರ ರುಜು ಹಾಕಿಸಿಕೊಂಡಿದ್ದಾರೆ.