ವೃದ್ಧರ ಮನೆಯ ಬಾಗಿಲು
(ಮನೆಯವರು ಕೂಡಿ ಓದತಕ್ಕ ಪಾಠ)

ಮಕ್ಕಳು ಬೆಳೆದು ಕೆಲಸದ ನಿಮಿತ್ತ ಪಟ್ಟಣಗಳಿಗೆ ಹೋದ ಮೇಲೆ ತಾಯಿತಂದೆಗಳು ಮಾತ್ರ ಹಳೇ ಮನೆಯನ್ನು ಕಾದುಕೊಂಡಿರುವದು ಈಗ ನಮ್ಮ ಊರುಗಳಲ್ಲಿ ಸಾಧಾರಣವಾದ ಸಂಗತಿಯಾಗಿದೆ. ಅಂಥ ಮನೆಯಲ್ಲಿ ತುಸು ಬಂಗಾರ, ತಿಂಗಳ ಪಿಂಚಣಿ, ಬ್ಯಾಂಕಿನಲ್ಲಿ ಕೂಡಿಸಿಟ್ಟ ಹಣ ಇವು ಇರುತ್ತವೆ. ಕಾಯುವವರಿಗಾದರೋ ಕಣ್ಣು ಮಂದ, ಕಿವಿ ಮಂದ, ನಡಿಗೆ ನಿಧಾನ. ಇದನ್ನು ನಾವು ಬಲ್ಲೆವು, ಕಳ್ಳನೂ ಬಲ್ಲನು. ಆದದರಿಂದ ಈ ಪಾಠದಲ್ಲಿ ನಾವು ಮೂರು ಸಂಗತಿಗಳನ್ನು ವಿಚಾರಿಸುವೆವು: ಕಳ್ಳರೂ ಮೋಸಗಾರರೂ ಯಾವ ಯಾವ ದಾರಿಗಳಿಂದ ಬರುತ್ತಾರೆಂಬದು, ಆ ದಾರಿಗಳನ್ನು ಹೇಗೆ ಮುಚ್ಚಬೇಕೆಂಬದು, ಮೋಸವು ನಡೆದುಹೋದರೆ ಏನು ಮಾಡತಕ್ಕದ್ದೆಂಬದು.

೧. ನಾವು ಕಂಡ ಒಂದು ಸಂಗತಿ

ನಮ್ಮ ನೆರೆಯ ಕೇರಿಯಲ್ಲಿ ಒಬ್ಬ ಅಜ್ಜಿಯವರು ಒಂಟಿಯಾಗಿದ್ದರು. ಒಂದು ದಿವಸ ಮಧ್ಯಾಹ್ನ, ಗಂಡಸರೆಲ್ಲರೂ ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ, ಒಳ್ಳೇ ಬಟ್ಟೆ ತೊಟ್ಟ ಇಬ್ಬರು ಯೌವನಸ್ಥರು ಬಾಗಿಲಿಗೆ ಬಂದು, “ಅಮ್ಮಾ, ಪಾತ್ರೆ ಬೆಳಗುವ ಹೊಸ ಪುಡಿಯನ್ನು ತಂದಿದ್ದೇವೆ, ಹಣ ಬೇಡ, ಒಂದು ಹಿತ್ತಾಳೆಯ ತಂಬಿಗೆಯನ್ನು ಕೊಡಿರಿ, ತೋರಿಸುತ್ತೇವೆ” ಅಂದರು. ತಂಬಿಗೆಯು ಬಂಗಾರದ ಹಾಗೆ ಹೊಳೆಯಿತು. ಅನಂತರ ಬೆಳ್ಳಿಯ ಕಾಲುಂಗುರವನ್ನು ಕೇಳಿದರು, ಅದೂ ಹೊಳೆಯಿತು. ಆ ಮೇಲೆ, “ಕೈಬಳೆಗಳು ಬಹಳ ಮಾಸಿವೆಯಲ್ಲಾ ಅಮ್ಮಾ” ಅಂದರು. ಅಜ್ಜಿಯವರು ತಾವೇ ಬಳೆಗಳನ್ನು ತೆಗೆದುಕೊಟ್ಟರು. ಅವುಗಳನ್ನು ಒಂದು ಬಟ್ಟಲಿನ ನೀರಿನಲ್ಲಿ ಅದ್ದಿ, ಬಳಿಕ ಅರಿಸಿನ ಬೆರಸಿ ಡಬ್ಬಿಯಲ್ಲಿ ಮುಚ್ಚಿಟ್ಟು, “ಅರ್ಧ ತಾಸಿನ ವರೆಗೆ ತೆರೆಯಬೇಡಿರಿ” ಎಂದು ಹೇಳಿ ಹೊರಟುಹೋದರು. ಡಬ್ಬಿಯನ್ನು ತೆರೆದಾಗ ಬಳೆಗಳು ಕಡ್ಡಿಯಷ್ಟು ತೆಳ್ಳಗಾಗಿದ್ದವು.

ಆ ಬಟ್ಟಲಿನಲ್ಲಿದ್ದದ್ದು ನೀರಲ್ಲ. ಎರಡು ಬಗೆಯ ತೀಕ್ಷ್ಣ ಆಮ್ಲಗಳನ್ನು ಕೂಡಿಸಿದರೆ ರಾಜಾಮ್ಲವೆಂಬ ದ್ರವವಾಗುತ್ತದೆ. ಬೇರೆ ಯಾವ ಸಾಧಾರಣ ಆಮ್ಲಕ್ಕೂ ಕರಗದ ಬಂಗಾರವು ಇದರಲ್ಲಿ ಕರಗಿಹೋಗುತ್ತದೆ. ಕರಗಿದ ಬಂಗಾರವನ್ನು ಮೋಸಗಾರರು ದ್ರವದ ಸಂಗಡಲೇ ಒಯ್ದು ಬಳಿಕ ಅದರಿಂದ ತೆಗೆದುಕೊಳ್ಳುತ್ತಾರೆ. ಅರ್ಧ ತಾಸು ಎಂಬ ಮಾತು ಬಂಗಾರಕ್ಕಾಗಿ ಅಲ್ಲ, ತಾವು ಊರು ದಾಟುವದಕ್ಕಾಗಿಯೇ.

ಆದರೆ ನಾವು ಈ ಸಂಗತಿಯನ್ನು ಹೇಳುವದು ಬಳೆಗಳ ನಿಮಿತ್ತವಾಗಿ ಮಾತ್ರವಲ್ಲ. ಆ ಅಜ್ಜಿಯವರು ಹದಿನೇಳು ದಿವಸ ಯಾರ ಸಂಗಡಲೂ ಬಾಯಿ ಬಿಡಲಿಲ್ಲ. ಅಷ್ಟರೊಳಗೆ ಅವರಿಬ್ಬರೇ ಹತ್ತಿರದ ಊರಿನಲ್ಲಿ ಇನ್ನಿಬ್ಬರು ಸ್ತ್ರೀಯರನ್ನು ಅದೇ ರೀತಿಯಲ್ಲಿ ವಂಚಿಸಿದರು. ಯಾಕೆ ಹೇಳಲಿಲ್ಲವೆಂದು ಕೇಳಿದಾಗ ಅವರು, “ಮಗನಿಗೆ ತಿಳಿದರೆ, ನಿನಗೆ ಇನ್ನು ಬುದ್ಧಿ ಇಲ್ಲ, ಮನೆಗೆ ಬೀಗ ಹಾಕಿ ನನ್ನ ಸಂಗಡ ಬಾ ಅನ್ನುವನು, ನಾನು ಈ ಮನೆಯನ್ನು ಬಿಟ್ಟು ಹೇಗಿರಲಿ?” ಅಂದರು. ನಾವು ಆ ದಿವಸಗಳಲ್ಲಿ ಎರಡು ಸಾರಿ ಅವರ ಜಗಲಿಯ ಮೇಲೆ ಕೂತು ಮಾತಾಡಿದ್ದೆವು. ಕೈಗಳು ಬರಿದಾಗಿದ್ದದ್ದನ್ನು ಕಂಡೆವು, ಆದರೂ ಕೇಳಲಿಲ್ಲ. ಈ ತಪ್ಪು ನಮ್ಮ ಮನಸ್ಸನ್ನು ಇನ್ನೂ ಚುಚ್ಚುತ್ತದೆ. ಈ ಪಾಠವನ್ನು ಬರೆಯುವದಕ್ಕೆ ಅದೇ ಕಾರಣ.

೨. ಮನೆಯ ಭದ್ರತೆ

ಮನೆ ಮುರಿಯುವ ಕಳ್ಳನು ಮುಂಬಾಗಿಲನ್ನು ಮಾತ್ರವಲ್ಲ, ಹಿತ್ತಲ ಬಾಗಿಲನ್ನೂ ನೋಡುತ್ತಾನೆ. ಅನೇಕ ಮನೆಗಳಲ್ಲಿ ಮುಂದೆ ತೇಗದ ಬಾಗಿಲೂ ದೊಡ್ಡ ಬೀಗವೂ ಇದ್ದು, ಹಿಂದೆ ಒಂದು ಸಡಿಲ ಚಿಲಕ ಮಾತ್ರ ಇರುತ್ತದೆ. ಎರಡು ಬಾಗಿಲುಗಳಿಗೂ ಒಳಗಿನಿಂದ ಗಟ್ಟಿಯಾದ ಅಗುಳಿ ಇರಬೇಕು. ಮುಂಬಾಗಿಲಿಗೆ ಒಂದು ಸರಪಣಿಯನ್ನಾಗಲಿ ಹೊರಗಿನವರನ್ನು ನೋಡುವ ಕಿಂಡಿಯನ್ನಾಗಲಿ ಇಡಿಸಿದರೆ ಬಾಗಿಲು ತೆರೆಯುವ ಮೊದಲೇ ಬಂದವರನ್ನು ಕಾಣಬಹುದು. ಬೀಗದ ಕೈಯನ್ನು ತುಳಸಿಯ ಕುಂಡದ ಕೆಳಗೂ ಬಾಗಿಲ ಮೇಲಣ ಪಟ್ಟಿಯಲ್ಲಿಯೂ ಇಡುವ ಪದ್ಧತಿಯನ್ನು ಬಿಡಬೇಕು. ನಂಬಿಗಸ್ತರಾದ ನೆರೆಯವರ ಕೈಯಲ್ಲಿ ಕೊಡುವದು ಒಳ್ಳೇದು. ರಾತ್ರಿಯಲ್ಲಿ ಹಿತ್ತಲಲ್ಲಿ ಒಂದು ದೀಪ ಉರಿಯಲಿ.

ನೀರು ಕೇಳಿ ಬಂದವನಿಗೆ ನೀರು ಕೊಡುವದು ನಮ್ಮ ದೇಶದ ಮರ್ಯಾದೆ. ಅದನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆದರೆ ಅಪರಿಚಿತನಿಗೆ ಕಿಟಕಿಯ ಸಲಾಕಿಗಳ ನಡುವಿನಿಂದ ನೀರು ಕೊಟ್ಟರೂ ದಾಹ ತೀರುವದು. ವಿದ್ಯುತ್ತಿನವನು, ಗ್ಯಾಸಿನವನು, ಜನಗಣತಿಯವನು ಎಂದು ಹೇಳಿಕೊಂಡು ಬಂದವನ ಗುರುತಿನ ಚೀಟಿಯನ್ನು ಕೇಳಿ, ನೆರೆಯವರನ್ನು ಕರೆದ ಮೇಲೆಯೇ ಒಳಗೆ ಬಿಡತಕ್ಕದ್ದು. ನಿಜವಾದ ನೌಕರನು ಇದಕ್ಕೆ ಸಿಟ್ಟಾಗನು.

ಬೀದಿಯಲ್ಲಿಯೂ ಒಂದು ಹಳೇ ಮೋಸವುಂಟು. ಇಬ್ಬರು ಬಂದು, “ನಾವು ಪೋಲೀಸರು, ಮುಂದೆ ಕಳ್ಳತನವಾಗಿದೆ, ನಿಮ್ಮ ಸರವನ್ನು ತೆಗೆದು ಈ ಕಾಗದದಲ್ಲಿ ಸುತ್ತಿ ಚೀಲದಲ್ಲಿಡಿರಿ” ಅನ್ನುತ್ತಾರೆ, ಸುತ್ತಿಕೊಡುವ ಕೈ ಅವರದು, ಪೊಟ್ಟಣದಲ್ಲಿ ಉಳಿಯುವದು ಕಲ್ಲು. ಯಾವ ಪೋಲೀಸನೂ ದಾರಿಯಲ್ಲಿ ನಿಮ್ಮ ಒಡವೆಗಳನ್ನು ಬಿಚ್ಚಿಸುವದಿಲ್ಲವೆಂಬದನ್ನು ನೆನಪಿಡಿರಿ.

ದಿನಾಲು ತೊಡದ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು, ಒಂದೊಂದರ ಫೋಟೋವನ್ನೂ ತೂಕವನ್ನೂ ಬರೆದಿಡಬೇಕು. ಹೊರಗಿನಿಂದ ಬಂದಾಗ ಬೀಗವು ಮುರಿದದ್ದನ್ನು ಕಂಡರೆ ಒಳಗೆ ಹೋಗದೆ ೧೧೨ಕ್ಕೆ ಫೋನು ಮಾಡಿರಿ. ರಾತ್ರಿಯಲ್ಲಿ ಕಳ್ಳನು ಒಳಗೆ ಬಂದಿದ್ದರೆ ಅವನನ್ನು ಅಡ್ಡಗಟ್ಟಬೇಡಿರಿ. ಬಂಗಾರವನ್ನು ಮತ್ತೆ ಗಳಿಸಬಹುದು, ಪ್ರಾಣವನ್ನು ಗಳಿಸಲಾಗದು.

೩. ಫೋನಿನಿಂದ ಬರುವ ಕಳ್ಳನು

ಈಗಿನ ಕಳ್ಳನಿಗೆ ಹಂಚು ತೆಗೆಯುವ ಕಷ್ಟವಿಲ್ಲ. ಅಜ್ಜನ ಕಿಸೆಯಲ್ಲಿರುವ ಮೊಬೈಲೇ ಅವನಿಗೆ ಬಾಗಿಲು. “ನಿಮ್ಮ ಎಟಿಎಂ ಕಾರ್ಡು ನಿಂತುಹೋಗುವದು”, “ಜೀವಂತ ಪ್ರಮಾಣಪತ್ರವನ್ನು ಕೊಡದಿದ್ದರೆ ಪಿಂಚಣಿ ನಿಲ್ಲುವದು”, “ಗೃಹಲಕ್ಷ್ಮಿಯ ಹಣ ಬಂದಿದೆ, ಒಟಿಪಿ ಹೇಳಿರಿ” ಎಂದು ನಾನಾ ವೇಷಗಳಲ್ಲಿ ಅವನು ಮಾತಾಡುತ್ತಾನೆ. ಇವೆಲ್ಲವುಗಳಲ್ಲಿ ಎರಡು ಗುರುತುಗಳನ್ನು ಕಾಣಬಹುದು: ಒಂದು ಹೆದರಿಕೆ ಇಲ್ಲವೆ ಆಶೆ, ಇನ್ನೊಂದು ಅವಸರ. ಯಾರಾದರೂ ಹೆದರಿಸಿ ಇಲ್ಲವೆ ಆಶೆ ತೋರಿಸಿ, ಅದರ ಸಂಗಡ “ಈಗಲೇ, ಈ ಕ್ಷಣವೇ” ಅಂದರೆ, ಫೋನನ್ನು ಇಟ್ಟುಬಿಡಿರಿ. ಬ್ಯಾಂಕಿನ ಕೆಲಸವನ್ನು ಮರುದಿವಸ ಬ್ಯಾಂಕಿಗೆ ಹೋಗಿ ಕೇಳಿದರೆ ಏನೂ ನಷ್ಟವಾಗುವದಿಲ್ಲ. ಒಟಿಪಿಯೂ ಪಿನ್ನೂ ನಿಮ್ಮ ಪೆಟ್ಟಿಗೆಯ ಬೀಗದ ಕೈಗಳು. ಅವುಗಳನ್ನು ಬ್ಯಾಂಕಿನವರೂ ಕೇಳರು. ಹಣವನ್ನು ಕೊಡುವದಕ್ಕೆ ಯುಪಿಐ ಪಿನ್ ಬೇಕು, ಹಣವು ನಮಗೆ ಬರುವದಕ್ಕೆ ಅದು ಬೇಡವೇ ಬೇಡ.

ಇವುಗಳಲ್ಲಿ ಅತಿ ಕ್ರೂರವಾದದ್ದು “ಡಿಜಿಟಲ್ ಅರೆಸ್ಟ್” ಎಂಬದು. ಪೋಲೀಸನ ಇಲ್ಲವೆ ಸಿಬಿಐ ಅಧಿಕಾರಿಯ ಉಡುಪಿನಲ್ಲಿರುವವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, “ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಸೆರೆಯಲ್ಲಿದ್ದೀರಿ, ಕ್ಯಾಮೆರಾದ ಎದುರಿನಿಂದ ಏಳಬೇಡಿರಿ, ಯಾರಿಗೂ ಹೇಳಬೇಡಿರಿ” ಎಂದು ಗದರಿಸಿ, ದಿವಸಗಟ್ಟಲೆ ಕೂರಿಸಿ, ವಿಚಾರಣೆಗಾಗಿ ಎಂದು ಹೇಳಿ ಹಣವನ್ನೆಲ್ಲಾ ತನ್ನ ಖಾತೆಗೆ ಹಾಕಿಸಿಕೊಳ್ಳುತ್ತಾನೆ. ಒಳ್ಳೇ ಓದುಬರಹ ಬಲ್ಲವರೂ ಇದರಲ್ಲಿ ಸಿಕ್ಕಿದ್ದಾರೆ. ಆದರೆ ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಇಂಥ ಸೆರೆ ಇಲ್ಲ. ೨೦೨೪ ಜುಲಾಯಿ ೧ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೯ನೇ ಕಲಮಿನ ಪ್ರಕಾರ, ೬೦ ವರುಷ ದಾಟಿದ ಪುರುಷನನ್ನಾಗಲಿ ಯಾವ ಸ್ತ್ರೀಯನ್ನಾಗಲಿ ಸಾಕ್ಷಿಯ ವಿಚಾರಣೆಗಾಗಿ ಅವರ ವಾಸಸ್ಥಳವನ್ನು ಬಿಟ್ಟು ಬೇರೆ ಕಡೆಗೆ ಬರಬೇಕೆಂದು ಪೋಲೀಸರು ಒತ್ತಾಯಿಸಕೂಡದು. ಕಾಯಿದೆಯು ವೃದ್ಧರಿಗೆ ಇಷ್ಟು ಮರ್ಯಾದೆ ತೋರಿಸುವಾಗ ಫೋನಿನಲ್ಲಿ ಗದರಿಸುವವನು ಕಾಯಿದೆಯವನಲ್ಲವೆಂದು ತಿಳಿಯತಕ್ಕದ್ದು.

೪. ಬೆರಳಿನ ಗುರುತೂ ಹೆಬ್ಬೆಟ್ಟೂ

ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಯು ಚಿಕ್ಕ ಯಂತ್ರವನ್ನು ತಂದು, ಆಧಾರ್ ಸಂಖ್ಯೆಯನ್ನೂ ಬೆರಳಿನ ಗುರುತನ್ನೂ ತೆಗೆದುಕೊಂಡು ಹಣ ಕೊಡುವದುಂಟು. ಇದು ನಡೆಯಲಾರದವರಿಗೆ ದೊಡ್ಡ ಉಪಕಾರ. ಆದರೆ ಕೆಲವು ವಂಚಕರು “ಗುರುತು ಸರಿಯಾಗಿ ಬರಲಿಲ್ಲ” ಎಂದು ಹೇಳಿ ಎರಡನೇ ಸಾರಿ ಬೆರಳು ಇಡಿಸಿಕೊಂಡು ಎರಡು ಸಾರಿ ಹಣ ತೆಗೆಯುತ್ತಾರೆ. ಆದದರಿಂದ ಪ್ರತಿಯೊಂದು ಸಾರಿಯೂ ಚೀಟಿಯನ್ನು ಕೇಳಿ ತೆಗೆದುಕೊಂಡು, ಓದಬಲ್ಲವರಿಂದ ಓದಿಸಬೇಕು. ಆಧಾರಿನ ಬೆರಳಿನ ಗುರುತನ್ನು ಬೀಗ ಹಾಕಿದಂತೆ ತಡೆದಿಡುವ ಅನುಕೂಲವುಂಟು. ಮೊಮ್ಮಕ್ಕಳು ಇದನ್ನು ಮೊಬೈಲಿನಲ್ಲಿ ಮಾಡಿಕೊಡಬಲ್ಲರು. ಹಾಗೆ ತಡೆದ ಮೇಲೆ, ಪಡಿತರದಂಥ ಬೆರಳು ಇಡಬೇಕಾದ ಕೆಲಸಗಳಿಗೆ ಅದನ್ನು ಮತ್ತೆ ತೆರೆಯಬೇಕಾಗುವದೆಂಬದನ್ನು ಮರೆಯಬಾರದು.

ಹೊರಗಿನವರು ಮಾತ್ರವೇ ಮೋಸಮಾಡುತ್ತಾರೆಂದು ಹೇಳಲಾಗದು. ಓದಿ ಹೇಳದ ಕಾಗದಕ್ಕೆ, ಅದನ್ನು ತಂದವರು ಸ್ವಂತ ಮಕ್ಕಳಾದರೂ, ಹೆಬ್ಬೆಟ್ಟನ್ನು ಒತ್ತಬಾರದು. ಹೊಲಮನೆಗಳನ್ನು ಮಕ್ಕಳಿಗೆ ದಾನಪತ್ರದಿಂದ ಕೊಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಸತಕ್ಕದ್ದು. ಷರತ್ತನ್ನು ನಡಿಸದಿದ್ದರೆ, ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಆದ ಕಾಯಿದೆಯ ೨೩ನೇ ಕಲಮಿನ ಪ್ರಕಾರ ಆ ದಾನವನ್ನು ರದ್ದುಮಾಡಿಸಬಹುದು. ನಮ್ಮ ರಾಜ್ಯದಲ್ಲಿ ಈ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಕೊಡಬೇಕು.

೫. ಮೋಸವು ನಡೆದುಹೋದರೆ

ಹಣವು ಹೋದದ್ದು ತಿಳಿದ ಕೂಡಲೆ ೧೯೩೦ಕ್ಕೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ಯಾಕಂದರೆ ಕಳ್ಳನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗನೆ ಸಾಗಿಸುತ್ತಾನೆ. ಅದು ಕೈಗೆ ಸಿಕ್ಕದಷ್ಟು ದೂರ ಹೋಗುವ ಮೊದಲು ತಿಳಿಸಿದರೆ ಬ್ಯಾಂಕುಗಳು ಅದನ್ನು ಹಾದಿಯಲ್ಲಿಯೇ ತಡೆಯಬಹುದು. ಇಲ್ಲಿ ಒಂದು ತಾಸು ಹದಿನೇಳು ದಿವಸಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಬೇರೆ ಸಂಕಟಗಳಲ್ಲಿ ವೃದ್ಧರು ೧೪೫೬೭ ಎಂಬ ಸಹಾಯವಾಣಿಯನ್ನು ಕೇಳಬಹುದು.

ಬಾಯಿ ಬಿಡುವದರಿಂದ ಏನಾಗಬಲ್ಲದೆಂಬದಕ್ಕೆ ಒಂದು ದೃಷ್ಟಾಂತವನ್ನು ನೋಡಿರಿ. ಹರಿಯಾಣದ ಅಂಬಾಲದಲ್ಲಿ ವೃದ್ಧ ದಂಪತಿಗಳು ಸುಪ್ರೀಂ ಕೋರ್ಟಿನ ಹೆಸರಿನಲ್ಲಿ ಮಾಡಿದ ಸುಳ್ಳು ಆಜ್ಞಾಪತ್ರಗಳನ್ನು ನಂಬಿ ಒಂದು ಕೋಟಿಗಿಂತ ಹೆಚ್ಚು ರೂಪಾಯಿಗಳನ್ನು ಕಳಕೊಂಡರು. ಆ ವೃದ್ಧೆಯು ನಾಚಿಕೆಯಿಂದ ಮೂಲೆ ಸೇರದೆ, ಇದನ್ನು ಸುಪ್ರೀಂ ಕೋರ್ಟಿಗೇ ಬರೆದು ತಿಳಿಸಿದರು. ೨೦೨೫ರ ಅಕ್ಟೋಬರದಲ್ಲಿ ನ್ಯಾಯಾಲಯವು ಆ ಪತ್ರದ ಮೇಲೆ ತಾನಾಗಿಯೇ ವಿಚಾರಣೆಯನ್ನು ಕೈಕೊಂಡು, ಡಿಸೆಂಬರ್ ೧ರಂದು ದೇಶದಲ್ಲಿ ನಡೆದಿರುವ ಇಂಥ ಮೋಸಗಳ ಶೋಧನೆಯನ್ನು ಸಿಬಿಐಗೆ ಒಪ್ಪಿಸಿತು. ಒಬ್ಬ ಅಜ್ಜಿಯ ಪತ್ರದಿಂದ ಎಷ್ಟೋ ಮನೆಗಳಿಗೆ ಉಪಕಾರವಾಯಿತು.

೬. ಮಕ್ಕಳೂ ನೆರೆಯವರೂ ಮಾಡತಕ್ಕದ್ದು

ವೃದ್ಧರು ಮೋಸಹೋಗುವದು ಬುದ್ಧಿ ಕಡಿಮೆಯಾದದರಿಂದಲೇ ಎಂದು ಎಣಿಸುವದು ತಪ್ಪು. ದಿನವೆಲ್ಲಾ ಯಾರೂ ಮಾತಾಡಿಸದ ಮನೆಗೆ ಒಬ್ಬನು ಬಂದು “ಅಮ್ಮಾ” ಅಂದರೆ, ಆ ಒಂದು ಮಾತಿಗೇ ಬಾಗಿಲು ತೆರೆಯುತ್ತದೆ. ಆದದರಿಂದ ಮಕ್ಕಳೇ, ದಿನಕ್ಕೊಂದು ಸಾರಿ ನಿಶ್ಚಿತವಾದ ಹೊತ್ತಿಗೆ ತಾಯಿತಂದೆಗಳಿಗೆ ಫೋನು ಮಾಡಿರಿ. ಹಣದ ವಿಷಯದಲ್ಲಿ ಯಾವನು ಏನು ಹೇಳಿದರೂ ನಿಮ್ಮನ್ನು ಕೇಳದೆ ಮಾಡಬಾರದೆಂದು ಒಪ್ಪಂದಮಾಡಿಕೊಳ್ಳಿರಿ. ಅವರು ಕೇಳಿದಾಗ ಬೇಸರಪಡಬೇಡಿರಿ. ಮೋಸವಾಯಿತೆಂದು ತಿಳಿಸಿದರೆ ಮೊದಲನೆಯ ಮಾತು, “ಹೇಳಿದ್ದು ಒಳ್ಳೇದಾಯಿತು” ಎಂಬದಾಗಿರಲಿ. ಗದರಿಸಿದರೆ ಮುಂದಿನ ಸಾರಿ ಅವರು ಹೇಳುವದೇ ಇಲ್ಲ.

ನೆರೆಯವರೇ, ಬೆಳಿಗ್ಗೆ ತೆರೆಯತಕ್ಕ ಬಾಗಿಲು ತೆರೆಯದಿದ್ದರೆ ಹೋಗಿ ತಟ್ಟಿರಿ. ಬರಿದಾದ ಕೈಗಳನ್ನು ಕಂಡರೆ ಕೇಳಿರಿ. ೨೦೦೭ರ ಕಾಯಿದೆಯನ್ನು ಅನುಸರಿಸಿದ ಮಾದರಿ ನಿಯಮಗಳಲ್ಲಿ, ಪೋಲೀಸ್ ಠಾಣೆಯವರು ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನಿಟ್ಟು ತಿಂಗಳಿಗೊಂದು ಸಾರಿಯಾದರೂ ಅವರನ್ನು ಕಂಡು ಬರಬೇಕೆಂದು ಹೇಳಿದೆ. ನಿಮ್ಮ ಕೇರಿಯ ವೃದ್ಧರ ಹೆಸರುಗಳನ್ನು ಠಾಣೆಗೆ ಕೊಟ್ಟು ಬೀಟಿನ ಪೋಲೀಸರಿಗೆ ಅವರ ಪರಿಚಯವನ್ನು ಮಾಡಿಸಿರಿ.

ಆ ಅಜ್ಜಿಯವರು ಈಗಲೂ ತಮ್ಮ ಮನೆಯಲ್ಲಿಯೇ ಇದ್ದಾರೆ. ಮಗನು ಗದರಿಸಲಿಲ್ಲ, ಹಿತ್ತಲ ಬಾಗಿಲಿಗೆ ಹೊಸ ಅಗುಳಿಯನ್ನು ಹಾಕಿಸಿ, ದಿನಾಲು ಸಂಜೆ ಫೋನು ಮಾಡುತ್ತಾನೆ. ಬಳೆಗಳು ಸಿಕ್ಕಲಿಲ್ಲ. ಆದರೆ ಅಪರಿಚಿತರು ಕೇರಿಗೆ ಬಂದರೆ ಮೊದಲು ಕೂಗಿ ಎಲ್ಲರನ್ನು ಎಚ್ಚರಿಸುವವರು ಅವರೇ.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

೧) ನಮ್ಮ ಹಿತ್ತಲ ಬಾಗಿಲಿನ ಅಗುಳಿ ಗಟ್ಟಿಯಾಗಿದೆಯೋ? ಬೀಗದ ಕೈ ಯಾರ ಹತ್ತಿರ ಇದೆ?
೨) ಮೋಸದ ಫೋನಿನ ಎರಡು ಗುರುತುಗಳಾವವು?
೩) ೧೧೨ ಮತ್ತು ೧೯೩೦ ಎಂಬ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೋ?
೪) ನಮ್ಮ ಕೇರಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು? ಈ ವಾರದಲ್ಲಿ ಅವರನ್ನು ಯಾರು ಮಾತಾಡಿಸಿದರು?